ನಾನು ಸೇರಿಸಿದ ಒಂದು ಸೊನ್ನೆ

ನಮ್ಮೂರಿನ ಹಳೆಯ ಸೇತುವೆಯನ್ನು ನೀವು ನೋಡಿಲ್ಲ. ನೋಡಿದ್ದರೆ ಸೈಕಲ್ ಬಿಟ್ಟು ಈಜು ಕಲಿಯುತ್ತಿದ್ದಿರಿ. ಎರಡು ಲಾರಿ ಎದುರುಬದುರಾದರೆ ನಡುವೆ ಬೆಂಕಿಕಡ್ಡಿ ತೂರಿಸಲೂ ಜಾಗವಿರುತ್ತಿರಲಿಲ್ಲ. ಅಂಚಿನ ಗುಂಡಿಗಳಂತೂ, ಮಳೆ ಬಂದ ದಿನ ಎಮ್ಮೆ ಇಳಿಸಿ ತೊಳೆಯಬಹುದಾದಷ್ಟು ಆಳ. ಅಂಥ ಸೇತುವೆಯ ಮೇಲೆ ದಿನವೂ ಬೆಳಿಗ್ಗೆ ಐದರಿಂದ ಆರರವರೆಗೆ ಸೈಕಲ್‌ಗಳ ಸಾಲು. ಆಸ್ಪತ್ರೆಯ ಆಯಾಗಳು, ಗಿರಣಿಯವರು, ಕಾವಲುಗಾರರು, ಹಾಲಿನವರು. ಡ್ಯೂಟಿ ಶುರುವಾಗುವುದು ಆರಕ್ಕೆ, ಮೊದಲ ಬಸ್ಸು ಬರುವುದು ಏಳಕ್ಕೆ. ಬಸ್ಸಿಗೂ ಡ್ಯೂಟಿಗೂ ಯಾವ ಜನ್ಮದ ಹಗೆಯೋ ಗೊತ್ತಿಲ್ಲ.

ಆ ಸೇತುವೆಯ ಬುಡದಲ್ಲೇ ನನ್ನ ಸೈಕಲ್ ರಿಪೇರಿ ಅಂಗಡಿ. ನನ್ನ ಕೈಗುಣವನ್ನು ನಾನೇ ಹೇಳಿಕೊಳ್ಳಬಾರದು. ಬೇರೆಯವರು ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ನಾನು ಪಂಕ್ಚರ್ ಹಾಕಿದ ಟ್ಯೂಬು ಸೈಕಲ್ಲಿಗಿಂತ ಹೆಚ್ಚು ವರ್ಷ ಬದುಕುತ್ತದೆ. ಗಾಳಿ ಹೋಗುವ ಸದ್ದು ಕೇಳಿಯೇ ಚುಚ್ಚಿದ್ದು ಮೊಳೆಯೋ ಗಾಜೋ ಎಂದು ಹೇಳಬಲ್ಲೆ. ಊರವರು ನನ್ನನ್ನು 'ಬುರುಡೆ' ಎಂದು ಕರೆಯುತ್ತಾರೆ. ಹೊಟ್ಟೆಕಿಚ್ಚು, ಇನ್ನೇನು.

ನಮ್ಮ ಗಂಟೆ ಬಳಗ ಹುಟ್ಟಿದ್ದೂ ಈ ಅಂಗಡಿಯಲ್ಲೇ. ಒಂದು ಬೆಳಿಗ್ಗೆ ಯಾವುದೋ ಲಾರಿ ಹಾಲಿನಣ್ಣನನ್ನು ಸವರಿಕೊಂಡು ಹೋಯಿತು. ಹಾಲು ಸೇತುವೆ ಪಾಲು, ಸೊಟ್ಟಗಾದ ಚಕ್ರ ನನ್ನ ಪಾಲು. ಆಗ ಅಂಗಡಿಯಲ್ಲಿ ಗಾಳಿ ಹಾಕಿಸಿಕೊಳ್ಳಲು ಇಬ್ಬರು ನಿಂತಿದ್ದರು. ಒಬ್ಬಳು ನನ್ನ ಅಕ್ಕ, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದವಳು. ಇನ್ನೊಬ್ಬರು ಅಲ್ಲಿಯದೇ ಅಪಘಾತ ವಾರ್ಡಿನ ನರ್ಸು. ಊರಿನ ಅರ್ಧದಷ್ಟು ಮೊಣಕಾಲುಗಳಿಗೆ ಹೊಲಿಗೆ ಹಾಕಿದವರು ಅವರೇ. ಹಾಗಾಗಿ ಎಲ್ಲರ ಬಾಯಲ್ಲೂ ಹೊಲಿಗೆ ಸಿಸ್ಟರ್.

"ಈ ತಿಂಗಳು ಸೇತುವೆ ಮೇಲೆ ಬಿದ್ದವರಲ್ಲಿ ನೀವು ಒಂಬತ್ತನೆಯವರು," ಎಂದರು ಸಿಸ್ಟರ್, ಹಾಲಿನಣ್ಣನ ಮೊಣಕೈ ತಿರುಗಿಸಿ ನೋಡುತ್ತ.

"ನನಗೇನೂ ಆಗಿಲ್ಲ ಸಿಸ್ಟರ್. ಆಗಿದ್ದೆಲ್ಲ ಹಾಲಿಗೆ."

"ಹಾಲಿಗೆ ಹೊಲಿಗೆ ಹಾಕೋಕೆ ನನಗೆ ಬರಲ್ಲ ಕಣಣ್ಣ. ಬೀಳೋಕೆ ಮುಂಚೆನೇ ಏನಾದ್ರೂ ಮಾಡೋಣ."

"ಅವರು ಹಾರ್ನ್ ಹೊಡೀತಾರೆ, ನಾವು ಗಂಟೆ ಹೊಡೆಯೋಣ," ಎಂದಳು ಅಕ್ಕ. ಬಳಗಕ್ಕೆ ಹೆಸರು ಬಿದ್ದದ್ದು ಹಾಗೆ. ನಾಲ್ಕೇ ಜನ ಇದ್ದೆವು. ಸದ್ದು ಮಾತ್ರ ನಾನೂರು ಜನರದ್ದು, ಅದರಲ್ಲಿ ಮುನ್ನೂರ ತೊಂಬತ್ತೇಳು ನನ್ನದೇ.

ಮೊದಲ ವರ್ಷ ಸಿಕ್ಕ ಸಿಕ್ಕ ಸೈಕಲ್ಲಿನ ಹಿಂಬದಿಗೆಲ್ಲ ಹೊಳೆಯುವ ಕೆಂಪು ಬಿಲ್ಲೆ ಅಂಟಿಸಿದೆವು. ಮುಂಜಾನೆಯ ಮಬ್ಬಿನಲ್ಲಿ ಸೇತುವೆಯ ಮೇಲೆ ನಕ್ಷತ್ರಲೋಕವೇ ಇಳಿದಂತಿತ್ತು ಎಂದರೆ ಕಡಿಮೆ ಹೇಳಿದಂತೆ. ಎರಡನೆಯ ವರ್ಷ ಆಸ್ಪತ್ರೆಯ ಗೇಟಿನ ಸರದಿ. ಅಲ್ಲಿನ ಕಾವಲುಗಾರ ನಮ್ಮ ಸೈಕಲ್‌ಗಳನ್ನು ಎತ್ತಿ ಚರಂಡಿಗೆ ಒಗೆಯುತ್ತಿದ್ದ. ಹನ್ನೊಂದು ಜನ ಹನ್ನೆರಡು ದಿನ ದೊಡ್ಡ ಡಾಕ್ಟರ ಬಾಗಿಲಲ್ಲಿ ನಿಂತು ಗಂಟೆ ಹೊಡೆದೆವು. ಹದಿಮೂರನೆಯ ದಿನ ತಗಡಿನ ಮಾಡು ಹಾಕಿದ ಸ್ಟ್ಯಾಂಡು ಮಂಜೂರಾಯಿತು. ಡಾಕ್ಟರಿಗೆ ಇವತ್ತಿಗೂ ಕಿವಿಯಲ್ಲಿ ಗುಂಯ್ ಅನ್ನುತ್ತದಂತೆ.

ನಮ್ಮ ಮನೆಯಲ್ಲೇ ಒಬ್ಬ ವಿರೋಧ ಪಕ್ಷದವನಿದ್ದ. ಅಕ್ಕನ ಗಂಡ, ನನ್ನ ಭಾವ. ಇಟ್ಟಿಗೆ ಲಾರಿಯ ಡ್ರೈವರು.

"ಸೈಕಲ್‌ನವರಿಗೆ ಸಂಘ ಬೇರೆ ಕೇಡು!" ಎನ್ನುತ್ತಿದ್ದ ಊಟಕ್ಕೆ ಕೂತಾಗಲೆಲ್ಲ. "ಸುಮ್ಮಸುಮ್ನೆ ಅಡ್ಡ ಬರ್ತಾರೆ. ನಾವು ಬ್ರೇಕ್ ಒತ್ತಿ ಒತ್ತಿ ಕಾಲು ಸವೀಬೇಕು."

"ಹಂಗಾದ್ರೆ ನಾನೂ ಅಡ್ಡ ಬರ್ತೀನಾ?" ಅಕ್ಕ ಕೇಳುತ್ತಿದ್ದಳು.

"ಮದುವೆ ಆದಾಗಿಂದ ಬಂದಿದೀಯಲ್ಲ!"

ಅಕ್ಕ ಸೌಟು ಎತ್ತುತ್ತಿದ್ದಳು, ಭಾವ ತಟ್ಟೆ ಎತ್ತಿಕೊಂಡು ಹೊರಗೆ ಹೋಗುತ್ತಿದ್ದ. ಆಗೆಲ್ಲ ನಗು ಬರುತ್ತಿತ್ತು.

ಮೂರನೆಯ ವರ್ಷ ಸೇತುವೆಗೇ ಕೈ ಹಾಕಿದೆವು. ಸೇತುವೆಯ ಬದಿಗೆ ನಾಲ್ಕು ಅಡಿ ದಾರಿ ಜೋಡಿಸಿ, ಸೈಕಲ್‌ಗೆಂದೇ ಬಿಡಬೇಕು, ನಡುವೆ ಕಂಬ ನೆಡಬೇಕು. ಪುರಸಭೆಗೆ ಅರ್ಜಿ ಬರೆಯುವ ಕೆಲಸ ನನ್ನದಾಯಿತು. ನನ್ನ ಅಕ್ಷರ ಅಚ್ಚು ಹಾಕಿದ ಹಾಗೆ. ಅಚ್ಚಿನವರೇ ನೋಡಿ ನಾಚಿಕೊಳ್ಳಬೇಕು.

"ನಾನು ಒಂದಿನ ಅಲ್ಲಿ ನಿಂತು ಎಣಿಸಿದೀನಿ," ಎಂದರು ಸಿಸ್ಟರ್. "ಒಂದು ಗಂಟೇಲಿ ಮುನ್ನೂರ ಇಪ್ಪತ್ತು ಸೈಕಲ್. ಅದನ್ನೇ ಬರಿ. ಬುರುಡೆ, ಅಷ್ಟೇ ಬರಿ."

320 ಎಂದು ಬರೆದೆ. ಎಲ್ಲರೂ ಸಹಿ ಹಾಕಿದರು. ಅರ್ಜಿ ಹಿಡಿದುಕೊಂಡು ಪುರಸಭೆಯ ಮೊಗಸಾಲೆಯ ಬೆಂಚಿನ ಮೇಲೆ ಕೂತೆ. ಅಲ್ಲಿ ನನ್ನಂಥವರು ಇಪ್ಪತ್ತು ಜನ, ಒಬ್ಬೊಬ್ಬರ ಕಂಕುಳಲ್ಲೂ ದಪ್ಪ ದಪ್ಪ ಫೈಲು. ನನ್ನದು ಒಂದೇ ಹಾಳೆ. ಅದರಲ್ಲಿ ಬಡಕಲು ಬಡಕಲಾಗಿ 320. ನೋಡಿದರೆ ಅಯ್ಯೋ ಅನ್ನಿಸಿತು. ಇಷ್ಟು ಸಣ್ಣ ಅಂಕಿಗೆ ಯಾವ ಇಂಜಿನಿಯರ್ ತಲೆ ಎತ್ತಿ ನೋಡುತ್ತಾನೆ? ಜೇಬಿನಿಂದ ಪೆನ್ನು ತೆಗೆದೆ. ಪಕ್ಕದಲ್ಲಿ ಒಂದೇ ಒಂದು ಸೊನ್ನೆ ಸೇರಿಸಿದೆ. 3200. ಈಗ ಅಂಕಿಗೆ ಮೈ ಬಂತು.

ಇಂಜಿನಿಯರ್ ನಿಜಕ್ಕೂ ತಲೆ ಎತ್ತಿ ನೋಡಿದರು. ಎಣಿಸಲು ಒಬ್ಬ ಆಳನ್ನೂ ಕಳಿಸಿದರು. ಮೂರು ವಾರಕ್ಕೆ ಉತ್ತರ ಬಂತು. "ಅರ್ಜಿದಾರರು ಗಂಟೆಗೆ 3200 ಎಂದು ತಿಳಿಸಿದ್ದು, ಸ್ಥಳ ಪರಿಶೀಲನೆಯಲ್ಲಿ 316 ಮಾತ್ರ ಕಂಡುಬಂದಿರುತ್ತದೆ. ಅಂಕಿಅಂಶ ನಂಬಲರ್ಹವಲ್ಲ. ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ."

ಸಿಸ್ಟರ್ ಆ ಕಾಗದ ಹಿಡಿದು ಇಂಜಿನಿಯರ್ ಹತ್ತಿರ ಹೋಗಿ ಬಂದರು. ನನ್ನ ಅಂಗಡಿಯ ಮುಂದೆ ನಿಂತರು. ಬೈಯಲಿಲ್ಲ. ಬೈದಿದ್ದರೆ ಬಚಾವಾಗುತ್ತಿದ್ದೆ.

"ಇನ್ನೂರು ಇದ್ದಿದ್ರೂ ಸಾಕಿತ್ತಂತೆ," ಎಂದರು. "ಈ ವರ್ಷದ ಕಾಮಗಾರಿ ಪಟ್ಟಿ ಮುಗೀತು. ಇನ್ನು ಮುಂದಿನ ವರ್ಷ ನೋಡೋಣ ಅಂದ್ರು."

"ಒಂದು ವರ್ಷ ತಾನೇ ಸಿಸ್ಟರ್, ಕಣ್ಣು ಮುಚ್ಚಿ ಬಿಡೋದ್ರಲ್ಲಿ..."

"ನೀನು ಮುಚ್ಚು. ಕಣ್ಣಲ್ಲ, ಬಾಯಿ."

ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಆರಕ್ಕೆ ಹತ್ತು ನಿಮಿಷ ಇರುವಾಗ, ಅಂಗಡಿಯ ಬಾಗಿಲು ತೆರೆಯುತ್ತಿದ್ದೆ. ಸೇತುವೆಯ ಕಡೆಯಿಂದ ತಗಡು ಉಜ್ಜಿದ ಸದ್ದು ಬಂತು. ಸದ್ದು ಕೇಳಿಯೇ ಏನೆಂದು ಹೇಳಬಲ್ಲವನು ನಾನು. ಆ ದಿನ ಗೊತ್ತಾಗಲಿಲ್ಲ. ಓಡಿದೆ. ಟೆಂಪೋ ಒಂದು ಅಕ್ಕನನ್ನು ಸೇತುವೆಯಂಚಿನ ಕಂಬಿಯ ಕಟಕಟೆಗೆ ಒತ್ತಿಕೊಂಡು ಹೋಗಿತ್ತು.

ತಾನೇ ಒಗೆದು ಒಣಗಿಸಿದ ಹಾಸಿಗೆ ಬಟ್ಟೆಯ ಮೇಲೆ ಅಕ್ಕ ಎರಡು ತಿಂಗಳು ಮಲಗಿದಳು. ಕಾಲು ಉಳಿಯಿತು, ಮೊಣಕಾಲು ಉಳಿಯಲಿಲ್ಲ. ಒಳಗೆ ಕಬ್ಬಿಣದ ಸಲಾಕೆ ಹಾಕಿದರು. ಇನ್ನು ಆ ಕಾಲು ಮಡಚುವುದಿಲ್ಲ, ಪೆಡಲು ತುಳಿಯುವುದಿಲ್ಲ. ಟೆಂಪೋದವನು ಸ್ಟೇಷನ್ನಿನಲ್ಲಿ ಬರೆಸಿದ್ದು ಮೂರೇ ಪದ. ಸೈಕಲ್ ಅಡ್ಡ ಬಂತು.

ಭಾವ ಮಂಚದ ಪಕ್ಕ ಕೂತು ಅದನ್ನೇ ಗೊಣಗಿದ. "ಸ್ವಲ್ಪ ಅಡ್ಡ ಬಂದಿರ್ತೀಯ ನೀನು. ಗಾಬರೀಲಿ ಗೊತ್ತಾಗಿರಲ್ಲ."

ಅಕ್ಕ ಅವನ ಕಡೆ ತಿರುಗಲಿಲ್ಲ, ನನ್ನನ್ನು ನೋಡಿದಳು. "ಆ ದಾರಿ ಈ ವರ್ಷವೇ ಆಗ್ಬೇಕಿತ್ತಂತೆ. ಸಿಸ್ಟರ್‌ನ ನಾನೇ ಕೇಳಿ ಕೇಳಿ ಹೇಳಿಸಿದೆ. ನೀನು ಸೇರಿಸಿದ ಸೊನ್ನೆ ನೇರವಾಗಿ ಬಂದು ನನ್ನ ಕಾಲ ಮೇಲೆ ಬಿತ್ತು ಕಣೋ."

ಆ ಸೊನ್ನೆ ಹಾಕಿದ ಪೆನ್ನನ್ನು ಜೇಬಿನಿಂದ ತೆಗೆದು ಮಂಚದ ಕೆಳಗಿನ ಕಸದ ಡಬ್ಬಿಗೆ ಹಾಕಿದೆ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಒಗೆಯುವ ವಿಭಾಗದ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ನಿಂತು ಒಗೆಯಲಾಗದಿದ್ದರೆ ಕೂತು ಮಡಿಸುವ ಮೇಜು ಕೊಡುತ್ತೇನೆ ಎಂದಳು. ಒಂದು ವರ್ಷ ಜಾಗ ಕಾಯುತ್ತೇನೆ, ಆಮೇಲೆ ಆರು ಗಂಟೆಗೆ ಸರಿಯಾಗಿ ಬರಬೇಕು, ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದಳು. ಬಸ್ಸು ಏಳಕ್ಕೆ. ಭಾವ ಓಡಿಸುವ ಲಾರಿಯೋ ಮಾಲೀಕನದು, ಕೀಲಿ ಕೈಗೆ ಬರುವುದು ಎಂಟಕ್ಕೆ. ಸೈಕಲ್ ಹೆಸರೆತ್ತಿದರೆ ಭಾವ ಉರಿದು ಬೀಳುತ್ತಿದ್ದ.

"ಆ ಸೇತುವೆ ಮೇಲೆ ಇನ್ನೊಂದ್ಸಲ ಇವಳನ್ನ ಸೈಕಲ್ ಹತ್ತಿಸಲ್ಲ. ಕೆಲಸ ಹೋದ್ರೆ ಹೋಗ್ಲಿ!"

"ಇಪ್ಪತ್ತೊಂದು ವರ್ಷದ ಕೆಲಸ," ಎಂದಳು ಅಕ್ಕ. "ಎಷ್ಟು ಸುಲಭವಾಗಿ ಬಂತು ನಿನ್ನ ಬಾಯಲ್ಲಿ."

ಹೊಲಿಗೆ ಸಿಸ್ಟರ್ ಮತ್ತೆ ಅರ್ಜಿ ಹಾಕಲು ಹೊರಟರು. ಆದರೆ ಗಂಟೆ ಬಳಗ ಎಂದರೆ ಪುರಸಭೆಯಲ್ಲಿ ನಗುತ್ತಿದ್ದರು. ಎಣಿಸಿದ್ದು ನೀವೋ, ಬುರುಡೆಯೋ ಎಂದು ಕೇಳುತ್ತಿದ್ದರು. ಸಿಸ್ಟರ್ ಒಂದು ಸಂಜೆ ನೇರ ಭಾವನ ಮುಂದೆ ಬಂದು ನಿಂತರು.

"ನಮಗೊಬ್ಬರು ಬೇಕಾಗಿದಾರೆ. ಸೈಕಲ್ ಕಂಡ್ರೆ ಆಗದವರು."

"ಯಾಕೆ, ಬೈಸಿಕೊಳ್ಳೋಕಾ?"

"ಎಣಿಸೋಕೆ. ನಾವು ಎಣಿಸಿದ್ರೆ ಯಾರೂ ನಂಬಲ್ಲ. ನೀವು ಎಣಿಸಿದ್ರೆ ನಂಬ್ತಾರೆ. ಮೂರೇ ಬೆಳಿಗ್ಗೆ. ಎಷ್ಟು ಸೈಕಲ್ ಹೋಯ್ತು ಬರೀರಿ. ಕನ್ನಡಿ ತಾಗೋಷ್ಟು ಹತ್ತಿರ ಎಷ್ಟು ಗಾಡಿ ಬಂತು ಬರೀರಿ. ಎಷ್ಟು ಸೈಕಲ್ ಅಡ್ಡ ಬಂತು, ಅದನ್ನೂ ಬರೀರಿ."

"ಬರೀತೀನಿ," ಎಂದ ಭಾವ ಮೀಸೆ ತಿರುವಿ. "ಆ ಮೂರನೇದಕ್ಕೆ ಪುಸ್ತಕವೇ ಸಾಲಲ್ಲ, ನೋಡ್ತಿರಿ."

ಮೂರು ದಿನ ಅವನು ಕಟಕಟೆಗೆ ಒರಗಿ, ಲಾರಿಯ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಗೀಟು ಎಳೆದ. ಮೊದಲ ದಿನ ಬಂದವನು ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ಎರಡನೆಯ ದಿನ ತಿಂಡಿ ಬೇಡ ಎಂದ. ಮೂರನೆಯ ದಿನ ಹಾಳೆಯನ್ನು ಅಕ್ಕನ ಮುಂದೆ ಇಟ್ಟು ಗೋಡೆ ಕಡೆ ತಿರುಗಿ ಕೂತ.

ಸೈಕಲ್ 311, 322, 309. ಕನ್ನಡಿ ತಾಗುವಷ್ಟು ಹತ್ತಿರ ಬಂದ ಗಾಡಿ 38, 41, 44. ಅಡ್ಡ ಬಂದ ಸೈಕಲ್ 0, 0, 0.

"ಅಡ್ಡ ಬರೋಕೆ ಜಾಗವೇ ಇಲ್ಲ ಅಲ್ಲಿ," ಎಂದ ಗೋಡೆಗೇ ಹೇಳುವವನಂತೆ. "ನಾನೂ ಹಿಂಗೇ ಓಡಿಸಿದೀನಿ. ಮೇಲೆ ಕೂತಾಗ ಇದು ಕಾಣಲ್ಲ." ಆಮೇಲೆ ನನ್ನ ಕಡೆ ತಿರುಗಿದ. "ಬುರುಡೆ, ಈ ಕೊನೇ ಸಾಲಿಗೆ ನೀನು ಎಷ್ಟು ಸೊನ್ನೆ ಬೇಕಾದ್ರೂ ಸೇರಿಸ್ಕೋ. ಅಷ್ಟೇ ಇರುತ್ತೆ."

ಆ ಹಾಳೆಯನ್ನೇ ಅರ್ಜಿಗೆ ಪಿನ್ನು ಮಾಡಿದೆವು. ಲಾರಿ ಡ್ರೈವರನ ಸಹಿ ನೋಡಿ ಈ ಸಲ ಇಂಜಿನಿಯರ್ ನಗಲಿಲ್ಲ. ಅಕ್ಕನ ಗಡುವಿಗೆ ಒಂಬತ್ತು ದಿನ ಉಳಿದಿರುವಾಗ ನಾಲ್ಕು ಅಡಿಯ ದಾರಿ ತೆರೆಯಿತು. ಅಂಚಿಗೆ ಕಂಬ, ನೆಲಕ್ಕೆ ಬಿಳಿ ಗೆರೆ. ಹಿಂದೆ ನಮ್ಮ ಅರ್ಜಿಯನ್ನು ಮುಕ್ತಾಯಗೊಳಿಸಿದವರೇ ಬಂದು ರಿಬ್ಬನ್ ಕತ್ತರಿಸಿದರು. ಉದ್ಘಾಟನೆಯ ಕಲ್ಲಿನ ಮೇಲೆ ಹನ್ನೊಂದು ಹೆಸರುಗಳಿವೆ. ಹೊಲಿಗೆ ಸಿಸ್ಟರ್ ಹೆಸರಿಲ್ಲ, ಎಣಿಸಿದವನ ಹೆಸರಿಲ್ಲ, ಕಾಲು ಕೊಟ್ಟವಳ ಹೆಸರಂತೂ ಇಲ್ಲವೇ ಇಲ್ಲ. ಅಕ್ಕ ಊರುಗೋಲು ಊರಿಕೊಂಡು ಬಂದು ನೋಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ತಟ್ಟಲಿಲ್ಲ.

"ಮುನ್ನೂರ ಇಪ್ಪತ್ತಕ್ಕೇ ಆಗೋ ಕೆಲಸ," ಎಂದಳು ಸಿಸ್ಟರ್‌ಗೆ, ಅಷ್ಟೇ.

ಅವಳ ಸೈಕಲನ್ನು ನಾನು ಸರಿ ಮಾಡಿದೆ. ಹಿಂದಿನ ಕ್ಯಾರಿಯರಿಗೆ ಅಗಲದ ಸೀಟು ಕೂರಿಸಿದೆ. ಈಗ ದಿನವೂ ಐದೂಮುಕ್ಕಾಲಿಗೆ ಭಾವ, ಇಟ್ಟಿಗೆ ಲಾರಿಯ ಭಾವ, ಹೆಂಗಸರ ಸೈಕಲ್ ತುಳಿಯುತ್ತ ನನ್ನ ಅಂಗಡಿ ದಾಟುತ್ತಾನೆ. ಹಿಂದೆ ಅಕ್ಕ ಒಂದು ಪಕ್ಕಕ್ಕೆ ಕೂತಿರುತ್ತಾಳೆ. ಮಡಚಲಾಗದ ಕಾಲು ಕೋಲಿನಂತೆ ಹೊರಗೆ ಚಾಚಿರುತ್ತದೆ.

"ಎಲ್ರೂ ಸ್ವಲ್ಪ ಸರೀರಪ್ಪಾ," ಎಂದು ಭಾವ ಗಂಟೆ ಹೊಡೆಯುತ್ತಾನೆ. "ಈ ಊರಲ್ಲಿ ನಿಜವಾಗಿ ಅಡ್ಡ ಬರೋದು ಇವಳ ಕಾಲೊಂದೇ."

ಜನ ನಗುತ್ತಾರೆ, ಅಕ್ಕ ಅವನ ಬೆನ್ನಿಗೆ ಗುದ್ದುತ್ತಾಳೆ. ನನ್ನ ಅಂಗಡಿ ಬಂದಾಗ ಮಾತ್ರ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾಳೆ.

ಗಂಟೆ ಬಳಗದಲ್ಲಿ ಈಗ ನೂರ ಏಳು ಜನ ಇದ್ದೇವೆ. ನೂರೆಂಟು ಎನ್ನಲು ನಾಲಗೆ ತುರಿಸುತ್ತದೆ, ಆದರೆ ನೂರ ಏಳು. ಕೆಲಸ ಮುಗಿದಿಲ್ಲ. ಸೇತುವೆ ಮುಗಿದಲ್ಲಿ ನಮ್ಮ ದಾರಿಯೂ ಮುಗಿಯುತ್ತದೆ, ಮುಂದೆ ಅದೇ ಹಳೆಯ ರಸ್ತೆ. ದಾರಿಯ ಬಾಯಲ್ಲೇ ಟೆಂಪೋ ತಂದು ನಿಲ್ಲಿಸುತ್ತಾರೆ. ನಾವು ಗಂಟೆ ಹೊಡೆದು ತೆಗೆಸುತ್ತೇವೆ. ತಿಂಗಳಿಗೊಮ್ಮೆ ಎಣಿಸಿ, ಅಂಗಡಿಯ ಬಾಗಿಲ ಮೇಲೆ ಸುಣ್ಣದಲ್ಲಿ ಬರೆಯುವುದು ನನ್ನ ಕೆಲಸ. ಬರೆದದ್ದನ್ನು ಸಿಸ್ಟರ್ ಬಂದು ತಾಳೆ ನೋಡುತ್ತಾರೆ.

ಇದನ್ನು ಓದುತ್ತಿರುವವರೇ, ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಸೇತುವೆಯೋ ತಿರುವೋ ಇದ್ದೇ ಇರುತ್ತದೆ. ನಾಳೆ ಬೆಳಿಗ್ಗೆ ಅಲ್ಲಿ ಒಂದು ಗಂಟೆ ನಿಲ್ಲಿ. ಎಣಿಸಿ. ಒಂದೇ ದಿನ ಸಾಲದು, ಮೂರು ದಿನ. ತಾರೀಖು ಹಾಕಿ, ಹೊತ್ತು ಹಾಕಿ, ಸಹಿ ಹಾಕಿ. ನಿಮ್ಮನ್ನು ನಂಬದ ಒಬ್ಬರನ್ನು ಹುಡುಕಿ ಅವರ ಕೈಗೇ ಪೆನ್ನು ಕೊಡಿ. ಅರ್ಜಿ ಕೊಟ್ಟು, ಮುದ್ರೆ ಹಾಕಿದ ರಸೀದಿ ಪಡೆಯದೆ ಅಲ್ಲಿಂದ ಕದಲಬೇಡಿ. ಲಾರಿ ಓಡಿಸುವವರಾದರೆ, ಸೈಕಲ್ ಕಂಡ ಕೂಡಲೇ ಒಂದು ಮಾರು ಆಚೆ ಸರಿಯಿರಿ. ಮೇಲೆ ಕೂತಾಗ ಕಾಣುವುದಿಲ್ಲ, ಕೆಳಗೆ ಯಾರದೋ ಅಕ್ಕ ಇರುತ್ತಾಳೆ.

ಅಂಕಿ ಸಣ್ಣದೆಂದು ನಾಚಬೇಡಿ. ಇದ್ದಷ್ಟನ್ನೇ ಬರೆಯಿರಿ, ಬೇಗ ಬರೆಯಿರಿ. ನನ್ನ ಅಕ್ಕ ನನ್ನೊಡನೆ ಮಾತು ಬಿಟ್ಟು ಇವತ್ತಿಗೆ ನಾನೂರ ಹದಿಮೂರು ದಿನ. ಇದನ್ನು ನಾನು ಎರಡು ಸಲ ಎಣಿಸಿದ್ದೇನೆ.