ಚಪ್ಪಲಿ ಕಾಯುವವನ ಹಬ್ಬ

ಎಡಗಿವಿಯೊಳಗೆ ಸೇರಿಕೊಂಡಿದ್ದ ಹತ್ತಿಯ ಎಳೆ ಎಷ್ಟು ಒರೆಸಿದರೂ ಬರಲಿಲ್ಲ. ನಲವತ್ತು ವರ್ಷ ಹಾಸಿಗೆ ಹೊಲಿದವನನ್ನು ಹತ್ತಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ ಎಂದರು ಮೌಲ್ವಿಗಳು. ಹೆಣಕ್ಕೆ ನೀರು ಹೊಯ್ಯುತ್ತಿದ್ದ ಸೈಕಲ್ ಅಂಗಡಿಯವನಿಗೆ ನಗು ಬಂದಂತಾಯಿತು. ಬೇರೆ ದಿನವಾಗಿದ್ದರೆ ಈ ಮಾತಿಗೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ಹಲಗೆಯ ಮೇಲೆ ಮಲಗಿದ್ದವನೇ.

ಈದ್ ದಿನದ ಬೆಳಗ್ಗೆ ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹಾಸಿಗೆಯವನು ಕುಸಿದಿದ್ದ. ಬೀದಿಯಲ್ಲಿ ಹೊಸ ಬಟ್ಟೆ ತೊಟ್ಟು ಓಡುತ್ತಿದ್ದ ಮಕ್ಕಳು ಈ ಮನೆಯ ಮುಂದೆ ಬಂದಾಗ ಮಾತ್ರ ನಿಧಾನಕ್ಕೆ ನಡೆಯುತ್ತಿದ್ದರು. ಹಬ್ಬದ ನಮಾಜಿನ ಬೆನ್ನಿಗೇ ಸತ್ತವನಿಗಾಗಿ ಮಾಡುವ ಜನಾಜಾ ನಮಾಜನ್ನೂ ಮೈದಾನದಲ್ಲೇ ಮುಗಿಸುವುದೆಂದು ತೀರ್ಮಾನವಾಯಿತು. ಊರೆಲ್ಲ ಹೇಗೂ ಅಲ್ಲೇ ಸೇರುತ್ತದೆ ಎಂದರು ಯಾರೋ. ಆ ಮಾತು ಕೇಳಿ ಸೈಕಲ್ ಅಂಗಡಿಯವನ ಕೈಯಲ್ಲಿದ್ದ ತಂಬಿಗೆ ಜಾರಿತು.

*

ಹಾಸಿಗೆಯವನ ಮೊಣಕಾಲು ಮಡಚುತ್ತಿರಲಿಲ್ಲ. ಸಾಲಿನಲ್ಲಿ ನಿಂತು ಬಾಗಿ ಏಳಲಾಗದೆ ಅವನು ಮೈದಾನದ ಗೇಟಿನಲ್ಲಿ ಸ್ಟೂಲು ಹಾಕಿಕೊಂಡು, ಕೂತಲ್ಲೇ ನಮಾಜು ಮಾಡಿ, ಊರಿನವರ ಚಪ್ಪಲಿ ಕಾಯುತ್ತಿದ್ದ. ಕಾಯೆಂದು ಯಾರೂ ಹೇಳಿರಲಿಲ್ಲ. ಜನ ಒಳಗೆ ಹೋದ ಮೇಲೆ ಒಂದೊಂದೇ ಜೊತೆಯನ್ನು ಕೋಲಿನಿಂದ ತಿರುಗಿಸಿ, ಮೂತಿ ರಸ್ತೆಯ ಕಡೆಗಿರುವಂತೆ ಇಡುತ್ತಿದ್ದ. ಹೊರಗೆ ಬಂದವರು ಬಗ್ಗಬೇಕಿಲ್ಲ, ಕಾಲು ತೂರಿಸಿ ನಡೆದರಾಯಿತು. ಹಿಮ್ಮಡಿ ಸವೆದದ್ದು ನೋಡಿಯೇ ಯಾರದೆಂದು ಹೇಳುವಷ್ಟು ಪಳಗಿದ್ದ. ನಿನ್ನ ಎಡಗಾಲು ನಿನಗಿಂತ ಸೋಮಾರಿ ಎಂದು ಗೆಳೆಯನಾದ ಸೈಕಲ್ ಅಂಗಡಿಯವನನ್ನು ಛೇಡಿಸುತ್ತಿದ್ದ.

ಏಳು ವರ್ಷದ ಹಿಂದಿನ ಹಬ್ಬದಲ್ಲಿ ಆ ಗೆಳೆಯನ ಹೊಚ್ಚ ಹೊಸ ಕಂದು ಚಪ್ಪಲಿ ಕಾಣೆಯಾಯಿತು. ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಅವನು ತಲೆ ಕೆಟ್ಟವನಂತೆ ಕೂಗಾಡಿದ.

"ಕದ್ದಿದ್ದು ಇವನೇ. ಕಾಯೋ ನೆಪ ಮಾಡ್ಕೊಂಡು ಕೂರೋದೇ ಇದಕ್ಕೆ."

ಹಾಸಿಗೆಯವನು ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡ.

ಹತ್ತು ದಿನದ ಮೇಲೆ ಸೈಕಲ್ ಅಂಗಡಿಯವನಿಗೆ ತನ್ನ ತಮ್ಮನ ಮನೆ ಹೊಸ್ತಿಲಲ್ಲಿ ಚಪ್ಪಲಿ ಸಿಕ್ಕಿತು. ಹೆಂಡತಿಗೆ ಹೆರಿಗೆ ನೋವೆಂದು ಫೋನು ಬಂದು, ನಮಾಜಿನ ನಡುವೆಯೇ ಓಡಿದ್ದ ತಮ್ಮ ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡಿದ್ದ. ಯಾರಿಗೂ ಹೇಳಬೇಡ, ನಾನೇ ಹೇಳುತ್ತೇನೆ ಎಂದು ಅಣ್ಣ ಅದನ್ನು ಚೀಲದಲ್ಲಿ ಸುತ್ತಿ ತಂದು ಅಟ್ಟಕ್ಕೆ ಹಾಕಿದ. ಊರ ಮುಂದೆ ಅಂದದ್ದನ್ನು ಊರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಊರು ಸೇರುವುದು ಹಬ್ಬಕ್ಕೆ ತಾನೇ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೇಡಿಗೆ ಕಾರಣಗಳಿಗೇನು ಬರ. ಒಂದು ಹಬ್ಬಕ್ಕೆ ಮನೆ ತುಂಬ ನೆಂಟರಿದ್ದರು, ಇನ್ನೊಂದಕ್ಕೆ ಮಗಳ ಸಂಬಂಧದ ಮಾತು ನಡೆದಿತ್ತು.

ಅಷ್ಟರಲ್ಲಿ ಜನ ಚಪ್ಪಲಿಯನ್ನು ಚೀಲದಲ್ಲಿ ಹಾಕಿ ಒಳಗೇ ಒಯ್ಯಲು ಶುರುಮಾಡಿದ್ದರು. ಹಾಸಿಗೆಯವನು ಮಾತ್ರ ಪ್ರತಿ ಹಬ್ಬಕ್ಕೂ ಸ್ಟೂಲು ತಂದು ಖಾಲಿ ನೆಲದ ಮುಂದೆ ಕೂರುತ್ತಿದ್ದ.

*

ಹೆಣ ಎತ್ತುವ ಮುಂಚೆ ಹಾಸಿಗೆಯವನ ಹೆಂಡತಿ ಪರದೆಯ ಹಿಂದಿನಿಂದ ಸೈಕಲ್ ಅಂಗಡಿಯವನನ್ನು ಕರೆದಳು. ಅವಳ ಕಣ್ಣು ಹೊಸ್ತಿಲಾಚೆ ಅವನು ಬಿಟ್ಟಿದ್ದ ಕಂದು ಚಪ್ಪಲಿಯ ಮೇಲಿತ್ತು. ಈ ಸಲ ಹೇಳಿಯೇ ತೀರಬೇಕೆಂದು ಅವನು ಬೆಳಗ್ಗೆ ಅದನ್ನೇ ಅಟ್ಟದಿಂದ ಇಳಿಸಿ ಮೆಟ್ಟಿಕೊಂಡು ಹೊರಟಿದ್ದ. ಬೀದಿಯ ತಿರುವಿನಲ್ಲಿ ಸಾವಿನ ಸುದ್ದಿ ಸಿಕ್ಕಿತ್ತು.

"ನಿಮ್ಮ ತಮ್ಮ ಮೆಟ್ಕೊಂಡು ಹೋಗಿದ್ದನ್ನ ಇವರು ಅವತ್ತೇ ನೋಡಿದ್ರಂತೆ," ಎಂದಳು. "ನಮಾಜಿನಲ್ಲಿ ಕೂತಿದ್ರು, ಕೂಗೋ ಹಾಗಿರಲಿಲ್ಲ. ಆಮೇಲೆ ಹೇಳಿದ್ರೆ ಕಳ್ಳ ಅನ್ನೋ ಹೆಸರು ನಿಮ್ಮ ತಮ್ಮನಿಗೆ ಬರುತ್ತೆ, ನನ್ನ ಗೆಳೆಯನೇ ಬಂದು ಹೇಳ್ತಾನೆ ಬಿಡು ಅಂದ್ರು."

ಅವನು ಚಪ್ಪಲಿಯತ್ತ ತಿರುಗಿ ನೋಡಿದ.

"ಪ್ರತಿ ಹಬ್ಬಕ್ಕೂ ಕಾದ್ರು ಅಣ್ಣಾ. ಮೊಮ್ಮಗ ಇವತ್ತು ಮೈದಾನದಲ್ಲಿರ್ತಾನೆ. ಅವನ ಕಿವಿಗಾದ್ರೂ ಬೀಳಲಿ."

ಹೇಳುತ್ತೇನೆ ಎಂದ. ಆ ಗಳಿಗೆಯಲ್ಲಿ ಅದು ನಿಜವಾಗಿತ್ತು. ಮೂಲೆಯಲ್ಲಿದ್ದ ಸ್ಟೂಲನ್ನು ತಾನೇ ಹೊತ್ತುಕೊಂಡು ಹೋಗಿ ಗೇಟಿನಲ್ಲಿಟ್ಟ. ಅದರ ಮುಂದೆ ಚಪ್ಪಲಿ ಬಿಟ್ಟು ಒಳಗೆ ನಡೆದ. ಉಳಿದವರ ಕೈಯಲ್ಲೆಲ್ಲ ಚೀಲಗಳಿದ್ದವು.

ಹಬ್ಬದ ನಮಾಜು ಮುಗಿಯಿತು. ಹೆಣವನ್ನು ಮುಂದೆ ತಂದಿಟ್ಟರು. ತೀರಿಕೊಂಡವನಿಂದ ಯಾರಿಗಾದರೂ ನೋವಾಗಿದ್ದರೆ ಇಲ್ಲೇ ಕ್ಷಮಿಸಿಬಿಡಿ ಎಂದು ಮೌಲ್ವಿಗಳು ಎಂದಿನಂತೆ ಕೇಳಿದರು. ಹಾಸಿಗೆ ಹೊಲಿದುಕೊಂಡಿದ್ದವನಿಂದ ಯಾರಿಗೆ ಏನು ನೋವಾದೀತು? ಆಗ ಹಿಂದಿನ ಸಾಲಿನಿಂದ, ಸೈಕಲ್ ಅಂಗಡಿಯವನ ಚಪ್ಪಲಿಯದೊಂದು ಇತ್ತಲ್ಲ, ಎಂಬ ದನಿ ಬಂತು.

ತಲೆಗಳೆಲ್ಲ ಇತ್ತ ತಿರುಗಿದವು. ಮುಂದಿನ ಸಾಲಿನಲ್ಲಿದ್ದ ಮೊಮ್ಮಗನೂ ತಿರುಗಿದ, ತಾತನದೇ ಹುಬ್ಬು. ಹೇಳಬೇಕಾದದ್ದು ಎರಡೇ ಮಾತು, ಅವನು ಕದ್ದಿರಲಿಲ್ಲ ಎಂದು. ಏಳು ವರ್ಷದಿಂದ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತ ಒಳಗೊಳಗೇ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು. ಅಷ್ಟು ಕಣ್ಣುಗಳ ಮುಂದೆ ಅವನ ನಾಲಿಗೆ ಹೊರಳಲಿಲ್ಲ.

"ಪರವಾಗಿಲ್ಲ ಬಿಡು," ಎಂದರು ಮೌಲ್ವಿಗಳು ಮೆತ್ತಗೆ. "ಹೋದವನ ಮೇಲೆ ಸಿಟ್ಟು ಯಾಕೆ."

"ಕ್ಷಮಿಸಿದೀನಿ," ಎಂದ ಸೈಕಲ್ ಅಂಗಡಿಯವನು.

ದೊಡ್ಡ ಮನಸ್ಸು ಎಂದರು ಪಕ್ಕದವರು. ಒಬ್ಬರು ಭುಜ ತಟ್ಟಿದರು. ಮೊಮ್ಮಗ ಒಂದು ಕ್ಷಣ ನೋಡಿ, ತಲೆ ತಗ್ಗಿಸಿ ಮುಂದಕ್ಕೆ ತಿರುಗಿಕೊಂಡ.

ಸೈಕಲ್ ಅಂಗಡಿಯವನು ಬರಿಗಾಲಲ್ಲೇ ಹೆಣಕ್ಕೆ ಹೆಗಲು ಕೊಟ್ಟು ಮಣ್ಣಿಗೆ ಹೋದ. ಮೂರು ಹಿಡಿ ಮಣ್ಣು ಹಾಕಿದ. ಹಿಂದಿರುಗುವಾಗ ದಾರಿಯುದ್ದಕ್ಕೂ ಜನ ಅವನನ್ನು ತಬ್ಬಿಕೊಂಡು ಹಬ್ಬದ ಶುಭಾಶಯ ಹೇಳಿದರು. ಅವನೂ ತಬ್ಬಿಕೊಂಡ.

ಮೈದಾನ ಖಾಲಿಯಾಗಿತ್ತು. ಗೇಟಿನಲ್ಲಿ ಸ್ಟೂಲು ಇಟ್ಟಲ್ಲೇ ಇತ್ತು. ಅದರ ಮುಂದೆ ಕಂದು ಚಪ್ಪಲಿ, ಅವನು ಬಿಟ್ಟು ಹೋದ ಹಾಗೇ, ಮೂತಿ ಮೈದಾನದ ಕಡೆಗೆ.