ಆಮೆ ಗೂಡಿನ ನೆರಳು

ಕ್ರಿಸ್ಪಿನ್ ಏಣಿಯ ಮೇಲೆ ನಿಂತು ಚಪ್ಪರಕ್ಕೆ ಕೊನೆಯ ತೆಂಗಿನ ಗರಿ ಬಿಗಿಯುತ್ತಿದ್ದ. ಕೆಳಗೆ ಅವನ ಅಣ್ಣ ನಿಕಾನೋರನ ಶವಪೆಟ್ಟಿಗೆಯಿತ್ತು. ಊರಲ್ಲಿ ಸಾವಾದರೆ, ಬಂದವರಿಗೆ ನೆರಳು ಮಾಡುವುದು ಸತ್ತವನ ತಮ್ಮನ ಕೆಲಸ. ಮೂರು ದಿನ ಆಸ್ಪತ್ರೆಯಲ್ಲಿ ಕಾದು, ಆಗಷ್ಟೇ ಹೆಣದ ಜೊತೆ ಬಂದಿಳಿದ ನಿಕಾನೋರನ ಮಗಳು ಎಲೋಯ್ಸಾ ತಲೆಯೆತ್ತಿ ನೋಡಿದಳು.

"ಚಿಕ್ಕಪ್ಪ, ಈ ಗರಿ ಎಲ್ಲಿಂದ ತಂದ್ರಿ?"

"ಇನ್ನೆಲ್ಲಿಂದ? ನಿಮ್ಮಪ್ಪ ಆಮೆ ಮೊಟ್ಟೆ ಹೂಳ್ತಿದ್ನಲ್ಲ, ಆ ಬೇಲಿಯ ಚಪ್ಪರದಿಂದ. ಡಾಕ್ಟ್ರು ಕೈಬಿಟ್ರು ಅಂತ ಮೊನ್ನೆ ನೀನೇ ಫೋನ್ ಮಾಡಿದ್ಯಲ್ಲ, ಆಗ್ಲೇ ಕಿತ್ತಿಟ್ಟೆ."

"ಮೊನ್ನೇನೇ?"

"ಆಮೆಗೇನು ಬಿಸಿಲು ಹೊಸದಾ? ದಂಡೆ ಮೇಲೆ ಅವಕ್ಕೆ ಕೊಡೆ ಹಿಡಿಯೋರು ಯಾರೇ?"

ಹೆಂಗಸರು ನಕ್ಕರು. ಜೋಳದ ಹಿಟ್ಟಿನ ತಮಾಲೆ ಕಡುಬು ಹಂಚುತ್ತಿದ್ದ ಹೆರ್ಮಿಲಾ ಅತ್ತೆ, "ಮನೆಗೆ ಮಾರಿ, ಆಮೆಗೆ ಉಪಕಾರಿ. ಸೂರು ಸೋರ್ತಿದ್ರೂ ಗರಿ ಅವಕ್ಕೇ ಹಾಕ್ದ. ಸತ್ತ ಮೇಲಾದ್ರೂ ಅವನಿಗೆ ಸಿಗ್ಲಿ ಬಿಡು" ಎಂದಳು.

*

ಮೊದಮೊದಲು ಆ ಬೇಲಿಗೆ ಚಪ್ಪರವಿರಲಿಲ್ಲ. ದಂಡೆಯಲ್ಲಿ ಆಮೆ ಇಟ್ಟ ಮೊಟ್ಟೆಗಳನ್ನು ತಂದು ಬೇಲಿಯೊಳಗೆ ಹೂತು, ಕಳ್ಳರು, ನಾಯಿಗಳಿಂದ ಉಳಿದರೆ ಸಾಕೆಂದುಕೊಂಡಿದ್ದ ನಿಕಾನೋರ್. ಆರು ವರ್ಷ ಮರಿಗಳನ್ನು ಸಮುದ್ರಕ್ಕೆ ಬಿಟ್ಟ ಮೇಲೆ, ವಹಾಕಾ ನಗರದಿಂದ ಬಂದ ಓದಿದ ಹುಡುಗಿಯೊಬ್ಬಳು ಮರಳಿನ ಬಿಸಿ ಅಳೆದು ಹೇಳಿದಳು: ಮರಳು ತಂಪಿದ್ದರೆ ಗಂಡು, ಬಿಸಿಯಿದ್ದರೆ ಹೆಣ್ಣು, ಇನ್ನೂ ಕಾದರೆ ಸಾವು. ಇಷ್ಟು ವರ್ಷ ನೀವು ಬಿಟ್ಟದ್ದೆಲ್ಲ ಹೆಣ್ಣೇ ಇರಬೇಕು.

ಆ ದಿನ ಅವನು ಊಟ ಮಾಡಲಿಲ್ಲ. "ಆರು ವರ್ಷ ಗಂಡಿಲ್ಲದ ಸಂಸಾರ ಕಟ್ಟಿ ಕಳಿಸಿದೀನಲ್ಲೇ ಮಗಳೇ" ಎಂದ. ಮಾರನೇ ದಿನ ಗರಿ ಹೆಣೆಯಲು ಕೂತ. ಎಲೋಯ್ಸಾಳ ಕೈಯನ್ನು ಮೊಣಕೈವರೆಗೆ ಮರಳಿಗೆ ತೂರಿಸಿ ಕಲಿಸಿದ: "ಮೊಟ್ಟೆ ಒಡೆದ್ರೂ ಮರಿ ತಕ್ಷಣ ಹೊರಗೆ ಬರಲ್ಲ. ಮೇಲಿನ ಮರಳು ತಣ್ಣಗಾದ್ರೇನೇ ಸಂಜೆಯಾಯ್ತು ಅಂತ ಅವಕ್ಕೆ ಗೊತ್ತಾಗೋದು. ಅಲ್ಲೀವರೆಗೂ ಕೆಳಗೇ ಕಾಯ್ತವೆ."

ಊರವರು ಅವನಿಗೆ ಆಮೆ ಸೂಲಗಿತ್ತಿ ಎಂದು ಹೆಸರಿಟ್ಟರು. ಅವನಿಗೆ ನೋವಾಗುತ್ತಿತ್ತು, ಆದರೂ ಯಾರಿಗೂ ತಿರುಗಿ ಅಂದವನಲ್ಲ.

*

ಕ್ರಿಸ್ಪಿನ್ ಇಳಿದ ಕೂಡಲೇ ಎಲೋಯ್ಸಾ ಏಣಿ ಹತ್ತಿ ಗರಿ ಕೀಳತೊಡಗಿದಳು. ಬಿಸಿಲು ಶವಪೆಟ್ಟಿಗೆಯ ಮೇಲೆ ಬಿತ್ತು.

"ಹೆತ್ತಪ್ಪನ ನೆರಳು ಕೀಳ್ತೀಯೇನೇ, ಪಾಪಿ!" ಹೆರ್ಮಿಲಾ ಕಿರುಚಿದಳು.

"ಇವತ್ತು ನಾಳೆ ಒಡೆಯೋ ಗೂಡು ನಾಲ್ಕಿವೆ ಅತ್ತೆ."

"ಪಾದ್ರಿ ಬರೋ ಹೊತ್ತು. ಹೆಣ ಎತ್ತುವಾಗ ಮಗಳಿಲ್ಲ ಅಂದ್ರೆ ಜನ ಏನಂತಾರೆ?" ಎಂದ ಕ್ರಿಸ್ಪಿನ್.

"ಅಂದ್ಕೊಳ್ಲಿ. ನೀವು ಇದನ್ನ ಕಿತ್ತಾಗ ಯಾರೂ ಏನೂ ಅನ್ಲಿಲ್ವಲ್ಲ!"

ಗರಿಯ ಹೊರೆ ಎಳೆಯುತ್ತ ಅವಳು ದಂಡೆಗೆ ನಡೆದಳು. ಬೆನ್ನ ಹಿಂದೆ ಚರ್ಚಿನ ಗಂಟೆ ಮೊಳಗಿತು. ಮೆರವಣಿಗೆ ಸ್ಮಶಾನದ ಕಡೆ ಹೊರಟಿತ್ತು. ಅವಳಿಗೆ ಅಪ್ಪನ ಮೇಲೂ ಸಿಟ್ಟು ಬಂತು. ನನಗೆ ಹೇಳಿಕೊಟ್ಟದ್ದನ್ನು ಸ್ವಂತ ತಮ್ಮನಿಗೆ ಒಂದು ಸಲ ಹೇಳಬಾರದಿತ್ತೇ?

ಬೇಲಿಯೊಳಗೆ ಮರಳು ಕಾಲು ಸುಡುತ್ತಿತ್ತು. ಅವಳು ಮೊದಲ ಗೂಡಿನ ಮುಂದೆ ಮಂಡಿಯೂರಿ ಕೈಯಿಂದ ಅಗೆದಳು. ನಾಲ್ಕು ಬೆರಳು ಆಳದಲ್ಲೇ ಮರಿಗಳು ಸಿಕ್ಕವು. ಒಂದರ ಮೇಲೊಂದು ಒತ್ತಿಕೊಂಡು, ಎಲ್ಲವೂ ತಲೆ ಮೇಲಕ್ಕೆತ್ತಿ, ಸಂಜೆಯಾಗಲೆಂದು ಕಾಯುತ್ತ ಬೆಂದುಹೋಗಿದ್ದವು.