ಮುಚ್ಚದ ಡಿಸ್ಕು

"ಮೂರ್ನೇದ್ರ ವೈರೂ ಕಿತ್ತು ತೋರ್ಸು" ಎಂದಳು ಹೀರಾ.

ಕಾರವಾರದ ಆ ಟಿ.ವಿ. ಅಂಗಡಿಯಲ್ಲಿ ಗಿರಾಕಿಗಳಿಗೆ ಸಾಮಾನು ತೋರಿಸುವ ಸಂಕೇತ ಸುಸ್ತಾಗಿ ನಕ್ಕ. ಬೆಳಿಗ್ಗೆಯಿಂದ ಈ ಹೆಂಗಸು ಟಿ.ವಿ. ಕಾರ್ಯಕ್ರಮ ಹಿಡಿದಿಡುವ ಎರಡು ರೆಕಾರ್ಡರುಗಳ ಜೀವ ತೆಗೆದಿದ್ದಳು. ಬಣ್ಣ ಕೇಳಲಿಲ್ಲ, ಕಂಪನಿ ಕೇಳಲಿಲ್ಲ, ಗ್ಯಾರಂಟಿ ಕಾರ್ಡನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅದರೊಳಗಿನ ಗಡಿಯಾರ ಸರಿ ಮಾಡಿಸುವುದು, ಪ್ಲಗ್ಗು ಕೀಳಿಸುವುದು, ಹೊರಗೆ ಮೆಟ್ಟಿಲ ಮೇಲೆ ಕೂತು ಒಂದು ಎಲೆ ಹಾಕಿಕೊಳ್ಳುವುದು, ಬಂದು ಮತ್ತೆ ಪ್ಲಗ್ಗು ಹಾಕಿಸುವುದು. ಮೊದಲನೆಯದು ಎದ್ದ ಕೂಡಲೇ ಸೊನ್ನೆ ಸೊನ್ನೆ ಎಂದು ಕಣ್ಣು ಮಿಟುಕಿಸಿತು. ಎರಡನೆಯದೂ ಅದೇ ಜಾತಿ.

"ಅಕ್ಕಾ, ಇದು ಮೀನಲ್ಲ, ಕಿವಿರು ಎತ್ತಿ ನೋಡೂಕೆ."

"ಹೌದಪ್ಪ. ಮೀನಾದ್ರೆ ಕಿವಿರು ಕೆಂಪುಂಟೋ ಕಪ್ಪುಂಟೋ ನಂಗೆ ತಿಳೀತದೆ. ನಿನ್ನ ಡಬ್ಬಿಗೆ ಕಿವಿರೆಲ್ಲುಂಟು? ನಮ್ಮ ಬೇಲೆಕೇರಿಲಿ ದಿನಕ್ಕೆ ನಾಕು ಸಲ ಕರೆಂಟು ಹೋಗ್ತದೆ. ಹೋಗಿ ಬರೂದ್ರೊಳಗೆ ಎಲ್ಲಾ ಮರ್ತು ಕೂತ್ರೆ, ಅದನ್ನ ನಾ ಎಂತಕ್ಕೆ ಹೊತ್ಕಂಡು ಹೋಗ್ಲಿ?"

ಮೂರನೆಯದು ಎದ್ದಾಗ ಹನ್ನೊಂದು ಇಪ್ಪತ್ತೆರಡು ತೋರಿಸಿತು. ಗೋಡೆಯ ಗಡಿಯಾರದಲ್ಲೂ ಅಷ್ಟೇ. ಹೀರಾ ಅದರ ಬೆನ್ನು ಸವರಿದಳು, ಒಳ್ಳೆಯ ಸುರಮಯಿ ಮೀನಿನ ಬೆನ್ನು ಸವರುವ ಹಾಗೆ.

"ಇದ್ಕೆ ಎಷ್ಟು ಹೊತ್ತು ನೆನಪು ಇರ್ತದೆ?"

"ಅರ್ಧ ತಾಸು. ರೆಕಾರ್ಡು ಆಗ್ತಿರೂವಾಗ ಕರೆಂಟು ಹೋದ್ರೂ ಅಲ್ಲೀವರೆಗಿನದು ಉಳೀತದೆ. ಬಂದ ಕೂಡ್ಲೆ ಮತ್ತೆ ತಾನೇ ಶುರು ಮಾಡ್ತದೆ." ಸಂಕೇತ ಎರಡು ಡಿಸ್ಕುಗಳನ್ನು ಮುಂದಿಟ್ಟ. "ಇದು ಅಳಿಸಿ ಅಳಿಸಿ ಬರೀಬಹುದು. ಇದು ಒಂದೇ ಸಲ. ಹೆಚ್ಚಿನವರು ಅಳಿಸೂದೇ ತಕ್ಕಳ್ತಾರೆ."

"ಅಳಿಸೂ ಅಂಥದ್ದು ಸರಕಾರದ ಹತ್ರ ಬೇಕಾದಷ್ಟು ಉಂಟು. ನಂಗೆ ಅಳಿಸೂಕೆ ಬರದೇ ಇದ್ದದ್ದು ಕೊಡು."

ಸಂಕೇತ ನಗುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಅಷ್ಟು ಹೊತ್ತಿನಲ್ಲಿ ಅವನು ಮೊದಲ ಬಾರಿಗೆ, "ಯಾವ ಕಾರ್ಯಕ್ರಮ ಅಕ್ಕಾ?" ಎಂದು ಕೇಳಿದ.

ಕಾರ್ಯಕ್ರಮ ಅವಳ ಗಂಡನದು.

ಮೂರು ವರ್ಷದ ಹಿಂದೆ, ಬೇಲೆಕೇರಿಯ ದಂಡೆಗೆ ಇನ್ನೊಂದು ಜೆಟ್ಟಿ ಬೇಕು ಎಂದು ಒಂದು ಕಂಪನಿ ಬಂದಿತ್ತು. ಆಗಲೇ ಅದಿರಿನ ಲಾರಿಗಳು ಓಡಿ ಓಡಿ ಒಣಹಾಕಿದ ಮೀನಿನ ಮೇಲೆಲ್ಲ ಕೆಂಪು ಧೂಳು ಕೂತಿತ್ತು. ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿ ಅಹವಾಲು ಸಭೆ ಮಾಡಿದರು. ಅಧಿಕಾರಿಗಳಿಗೆ ಮೆತ್ತನೆ ಕುರ್ಚಿ, ಊರಿನವರಿಗೆ ನೆಲ. ಮಾತಾಡುವುದು ಬೇಡವೆಂದು ಯಾರ್ಯಾರೋ ಯಾರ್ಯಾರ ಕಿವಿಯಲ್ಲೋ ಹೇಳಿ ಆಗಿತ್ತು. ಎದ್ದು ನಿಂತವನು ಒಬ್ಬನೇ, ಪುಂಡಲೀಕ. ಟಿ.ವಿ.ಯವರು ಅದನ್ನು ಕ್ಯಾಮೆರಾದಲ್ಲಿ ಹಿಡಿದುಕೊಂಡರು. ಆಮೇಲೆ ಅಚ್ಚಾಗಿ ಬಂದ ವರದಿಯಲ್ಲಿ ಒಂದೇ ಸಾಲು ಇತ್ತು: ಮೀನುಗಾರರಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ.

ಅದನ್ನು ಓದಿಸಿಕೊಂಡ ದಿನ ಪುಂಡಲೀಕ ಊಟ ಮಾಡಲಿಲ್ಲ. "ಅಲ್ಲಿ ನಿಂತು ಕೂಗಿದ್ದು ಯಾರು ಹಂಗಾರೆ? ಕಾಗೆಯೋ?" ಎಂದು ಹೆಂಡತಿಯ ಮೇಲೆ ರೇಗಿದ. ಮರುವರ್ಷ ಸೆಪ್ಟೆಂಬರಿನಲ್ಲಿ, ಮಳೆಗಾಲದ ಕೊನೆಯ ಗಾಳಿಗೆ ದೋಣಿ ಮಗುಚಿತು. ದೋಣಿ ಸಿಕ್ಕಿತು. ಬಲೆಯೂ ಸಿಕ್ಕಿತು. ಅವನು ಸಿಗಲಿಲ್ಲ.

ಈಗ, ಎರಡು ಸಾವಿರದ ಎಂಟರ ನವೆಂಬರಿನಲ್ಲಿ, ಅದೇ ಜೆಟ್ಟಿಯ ಕಡತ ಮತ್ತೆ ಎದ್ದಿತ್ತು. ಆಕ್ಷೇಪಣೆ ಇದ್ದವರು ಪುರಾವೆ ಸಮೇತ ಮಂಗಳವಾರ ಸಂಜೆ ಐದರೊಳಗೆ ಕಾರವಾರದ ಕಚೇರಿಗೆ ಕೊಡಬೇಕು ಎಂದು ನೋಟೀಸು ಬಂತು. ಅದೇ ವಾರ ಟಿ.ವಿ.ಯವರು, ಹಳೆಯ ಸಭೆಯನ್ನು ಭಾನುವಾರ ಹನ್ನೊಂದಕ್ಕೆ ಮತ್ತೆ ತೋರಿಸುತ್ತೇವೆ ಎಂದು ಜಾಹೀರಾತು ಹಾಕಿದರು. ಅದರಲ್ಲಿ ಮೂರು ಸೆಕೆಂಡು ಪುಂಡಲೀಕನ ಕೆಂಪು ಅಂಗಿ ಕಂಡಿತು. ಹೀರಾಳ ಕೈಯಲ್ಲಿದ್ದ ಸೌಟು ಸಾರಿನೊಳಗೇ ಮುಳುಗಿತು.

ಸಂಕೇತ ಯಂತ್ರವನ್ನು ಕಟ್ಟಿಕೊಡುತ್ತ ಕೊನೆಯ ಪಾಠ ಹೇಳಿದ. "ಅಕ್ಕಾ, ರೆಕಾರ್ಡು ಮುಗಿದ ಮೇಲೆ ಡಿಸ್ಕು ಮುಚ್ಚಬೇಕು. ಈ ಬಟನ್ನು. 'ಮುಚ್ಚಲಾ?' ಅಂತ ಕೇಳ್ತದೆ, ಎಡಗಡೆದು ಹೌದು. ಮುಚ್ಚದಿದ್ರೆ ಈ ಮಷೀನಲ್ಲಿ ಮಾತ್ರ ಕಾಣ್ತದೆ, ಬೇರೆ ಎಲ್ಲೂ ಕಾಣೂದಿಲ್ಲ. ಮುಚ್ಚಿದ ಮೇಲೆ ಎಷ್ಟು ಕಾಪಿ ಬೇಕಾದ್ರೂ ನಾ ತೆಗ್ದು ಕೊಡ್ತೆ. ಆದ್ರೆ ಅದಕ್ಕೆ ಮತ್ತೆ ಏನೂ ಸೇರ್ಸೂಕೆ ಬರೂದಿಲ್ಲ."

"ಏನೂ?"

"ಏನೂ. ಮುಗೀತು ಅಂತ ಲೆಕ್ಕ."

ಹೀರಾ ತಟ್ಟನೆ ನೆಲ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು. ‘ಮುಗೀತು’ ಎಂಬ ಮಾತನ್ನು ಅವಳ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ಶನಿವಾರ ಅಂಕೋಲೆಯ ಪೇಟೆಯಲ್ಲಿ ಪಕ್ಕದಲ್ಲಿ ಸೊಪ್ಪು ಹರಡಿಕೊಂಡಿದ್ದ ಅಗಸೂರಿನ ಮಂಜಿ, ವಿಷಯ ಕೇಳಿ ಕವಳ ಉಗುಳಿ ನಕ್ಕಳು. "ಅಲ್ದೇ ಹೀರಾ, ಇದ್ದಾಗ ಅಂವ ಬಾಯಿ ಬಿಟ್ರೆ ‘ಸುಮ್ಗಿರಾ’ ಅಂತಿದ್ದೆ. ಈಗ ಮಷೀನು ತಂದು ಮಾತಾಡ್ಸ್ತೆ."

"ಆಗ ಪುಕ್ಕಟೆ ಸಿಗ್ತಿತ್ತಲ್ಲೇ, ಬೆಲೆ ಎಲ್ಲಿತ್ತು" ಎಂದಳು ಹೀರಾ. ಬಂಗಡೆಯ ಮೇಲೆ ನೀರು ಚಿಮುಕಿಸುತ್ತ ಮುಖ ಆಚೆ ತಿರುಗಿಸಿದಳು. ಮಂಜಿಯೂ ಮುಂದೆ ಕೆಣಕಲಿಲ್ಲ. ಬುಟ್ಟಿಯಿಂದ ಒಂದು ಕಟ್ಟು ಬಸಳೆ ತೆಗೆದು ಅವಳ ಕಡೆ ತಳ್ಳಿದಳು.

ಭಾನುವಾರ ಮೀನಿಗೆ ಒಳ್ಳೆ ವ್ಯಾಪಾರ. ಆದರೂ ಹೀರಾ ಬುಟ್ಟಿ ಎತ್ತಲಿಲ್ಲ. ಹತ್ತಕ್ಕೇ ಮಿಂದು, ಸೀರೆ ಬದಲಾಯಿಸಿ, ನೆಂಟರ ಮನೆಗೆ ಬಂದವಳ ಹಾಗೆ ತನ್ನದೇ ಮನೆಯ ಚಾಪೆಯ ತುದಿಯಲ್ಲಿ ಕೂತಳು. ಹನ್ನೊಂದೂ ಐದಕ್ಕೆ ಕರೆಂಟು ಹೋಯಿತು. ನಾಲ್ಕು ನಿಮಿಷ. ಅವಳಿಗೆ ಗೊತ್ತಿದ್ದ ದೇವರೆಲ್ಲ ಮುಗಿದು, ಗೊತ್ತಿಲ್ಲದ ದೇವರಿಗೂ ಹರಕೆ ಹೊತ್ತಾಯಿತು. ಕರೆಂಟು ಬಂತು. ಯಂತ್ರ ಹೊಟ್ಟೆಯಲ್ಲಿ ಗುರ್ ಎಂದು ತಾನೇ ಶುರುವಾಯಿತು. ಕೆಂಪು ದೀಪ ಹತ್ತಿತು. ಅಷ್ಟರಲ್ಲೇ ಶಾಮಿಯಾನದ ನಡುವಿನಿಂದ ಪುಂಡಲೀಕ ಎದ್ದ.

"ಸಾಹೇಬ್ರೇ, ನಿಮ್ಮ ನಕ್ಷೇಲಿ ಕಡಲು ಖಾಲಿ ಉಂಟು. ನಾವು ಬಲೆ ಬಿಡೂ ಜಾಗ ಅದ್ರಲ್ಲಿ ಎಲ್ಲಿ? ನಮ್ಮ ದೋಣಿ ಎಲ್ಲಿ? ಖಾಲಿ ಇದ್ದ ಜಾಗ ಅಂತ ಯಾರು ಹೇಳ್ದ್ರು ನಿಮ್ಗೆ? ನಾ ಬೇಡ ಅಂತೆ. ಬರ್ಕಳ್ಳಿ. ಪುಂಡಲೀಕ ಹರಿಕಾಂತ್ರ, ಬೇಲೆಕೇರಿ. ಬರ್ದ್ರಾ? ಮತ್ತೊಂದ್ಸಲ ಹೇಳ್ಲಾ?"

ಒಂದು ನಿಮಿಷ ನಲವತ್ತು ಸೆಕೆಂಡು. ಮಾತು ಮುಗಿಸಿ ಕೂರುವ ಮೊದಲು ಅವನು ಹೆಗಲ ಮೇಲಿನ ಪಂಜೆಯಿಂದ ಬಾಯಿ ಒರೆಸಿಕೊಂಡ. ಮನೆಯಲ್ಲಿ ಅವನು ಊಟವಾದ ಮೇಲೆ ಮಾಡುತ್ತಿದ್ದದ್ದೂ ಅದನ್ನೇ. ಹೀರಾ ಆ ಒರೆಸಿಕೊಳ್ಳುವುದನ್ನು ಹದಿನೇಳು ಸಲ ನೋಡಿದಳು. ಅವಳ ಹತ್ತಿರ ಇದ್ದದ್ದು ಅವನ ಪಡಿತರ ಚೀಟಿಯ ಫೋಟೊ ಒಂದೇ. ಅದರಲ್ಲಿ ಅವನು ಯಾರದೋ ಕಳ್ಳ ತಮ್ಮನ ಹಾಗಿದ್ದ.

ಕೊನೆಗೆ ಸಂಕೇತ ಹೇಳಿದ ಬಟನ್ನು ಒತ್ತಿದಳು. ಪರದೆ ಕೇಳಿತು. ಎಡಕ್ಕೆ ಹೌದು, ಬಲಕ್ಕೆ ಇಲ್ಲ.

ಅವಳ ಅತ್ತೆ ಈ ಮನೆಗೆ ಕಾಲಿಟ್ಟ ದಿನವೇ ಕಲಿಸಿದ್ದಳು: ಗಂಡಸು ಕಡಲಿಗೆ ಹೋದಾಗ ಅನ್ನದ ಚರಿಗೆಯ ಬಾಯಿ ಮುಚ್ಚಬಾರದು, ಕಡಲ ಕಡೆಯ ಬಾಗಿಲಿಗೆ ಅಗಳಿ ಹಾಕಬಾರದು, ಮುಗೀತು ಅನ್ನಬಾರದು. ದೋಣಿ ದಂಡೆ ಮುಟ್ಟಿದ ಮೇಲೆಯೇ ಮುಚ್ಚುವುದು, ಮುಗಿಸುವುದು. ಪುಂಡಲೀಕನ ದೋಣಿ ದಂಡೆ ಮುಟ್ಟಿತ್ತು, ಅವನು ಮುಟ್ಟಿರಲಿಲ್ಲ. ಎರಡು ವರ್ಷದಿಂದ ಆ ಬಾಗಿಲು ಬರಿದೇ ಮುಂದಕ್ಕೆ ಎಳೆದದ್ದು. ನಾಯಿ ಬಂದು ಹೋಗುತ್ತಿತ್ತು, ಮರಳು ಬಂದು ಕೂರುತ್ತಿತ್ತು.

ಹೀರಾ ಬಲಗಡೆಯದನ್ನು ಒತ್ತಿದಳು. ಮುಚ್ಚದೆಯೇ ಡಿಸ್ಕನ್ನು ಹೊರತೆಗೆದು ಸೆರಗಿನಲ್ಲಿ ಸುತ್ತಿದಳು. ಕಾಣದೆ ಎಲ್ಲಿ ಹೋಗುತ್ತದೆ, ನನ್ನ ಕಣ್ಣಿಗೆ ಕಂಡದ್ದು ಅವರ ಕಣ್ಣಿಗೂ ಕಂಡೀತು ಎಂದುಕೊಂಡಳು.

ಕಾಣಲಿಲ್ಲ. ಸೋಮವಾರ ಕಾರವಾರದ ಕಚೇರಿಯಲ್ಲಿ ಅಧಿಕಾರಿ ಅದನ್ನು ಕಂಪ್ಯೂಟರಿಗೆ ತುರುಕಿ, ಎರಡು ಸಲ ಹೊರಗೆಳೆದು, ಅಂಗಿಗೆ ಉಜ್ಜಿ ಮತ್ತೆ ತುರುಕಿದ. "ಖಾಲಿ ಇದೆಯಮ್ಮ" ಎಂದ.

ಖಾಲಿ. ಕಡಲೂ ಖಾಲಿ, ಡಿಸ್ಕೂ ಖಾಲಿ, ವರದಿಯೂ ಖಾಲಿ. ಇವರು ನೋಡಿದ್ದೆಲ್ಲ ಖಾಲಿಯೇ ಆಗುತ್ತದಲ್ಲ ಎಂದು ಹೀರಾಳಿಗೆ ಅನ್ನಿಸಿತು, ಆದರೆ ಬಾಯಿ ಏಳಲಿಲ್ಲ. ಸಂಕೇತನ ಅಂಗಡಿಗೆ ಹೋದಳು. ಅವನು ಕೇಳಿದ್ದು ಒಂದೇ: "ಮುಚ್ಚಲಿಲ್ವಾ ಅಕ್ಕಾ?" ಅವಳು ತಲೆಯಾಡಿಸಿದಳು. "ಮನೆಗೆ ಹೋಗಿ ಒಂದು ಬಟನ್ನು ಒತ್ತಿ. ಮೂರು ನಿಮಿಷದ ಕೆಲ್ಸ." ಆ ಹುಡುಗನಿಗೆ ಅದು ಮೂರು ನಿಮಿಷದ ಕೆಲಸವೇ.

ಅವತ್ತು ಸಂಜೆ ಬೇಲೆಕೇರಿಯಲ್ಲಿ ಅವಳ ಬೆರಳು ಎಡದ ಗುಂಡಿಯ ಮೇಲೆ ಕೂತು ಕೂತು ಬೆವರಿತು. ಒತ್ತಲಿಲ್ಲ.

ಮಂಗಳವಾರ ಬೆಳಿಗ್ಗೆ ಮೀನಿನ ಬುಟ್ಟಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದಳು. ತಳಕ್ಕೆ ಪುಂಡಲೀಕನ ಹಳೆಯ ಕಂಬಳಿ ಹಾಸಿ, ಅದರ ಮೇಲೆ ಇಡೀ ಯಂತ್ರವನ್ನೇ ಇಟ್ಟು, ವೈರನ್ನು ಸುತ್ತಿ, ಸಿಂಬೆಯ ಮೇಲೆ ಹೊತ್ತಳು. ಬೇರೆ ಎಲ್ಲೂ ಕಾಣದಿದ್ದರೆ ಬೇಡ, ಕಾಣುವುದನ್ನೇ ಹೊತ್ತುಕೊಂಡು ಹೋಗುವುದು. ಬಸ್ಸಿನಲ್ಲಿ ಕಂಡಕ್ಟರು, "ಯೇ ಬಾಯಿ, ಮೀನಿನ ಬುಟ್ಟಿ ಹಿಂದೆ ಹಾಕು, ನೀರು ಸೋರ್ತದೆ" ಎಂದು ಗದರಿದ.

"ಇದು ಸೋರೂ ಮೀನಲ್ಲ" ಎಂದಳು. ಕಾರವಾರದವರೆಗೂ ಬುಟ್ಟಿ ಮಡಿಲಿನಲ್ಲೇ ಇತ್ತು.

ಕಚೇರಿಯ ಸಭಾಕೋಣೆಯಲ್ಲಿ ಕ್ರಿಕೆಟ್ಟು ನೋಡಲು ಒಂದು ಟಿ.ವಿ. ಇತ್ತು. ಮಧ್ಯಾಹ್ನ ಮೂರರವರೆಗೆ ಅವಳನ್ನು ಬಾಗಿಲಲ್ಲೇ ಕೂರಿಸಿದರು. ಹೋಗುವವರು ಬರುವವರು ಮೂಗು ಮುಚ್ಚಿಕೊಂಡರು, ಬುಟ್ಟಿಯಲ್ಲಿ ಮೀನೇ ಇಲ್ಲದಿದ್ದರೂ. ಕೊನೆಗೆ ಕಾಟ ತಾಳಲಾರದೆ ಅಧಿಕಾರಿ ಒಳಗೆ ಕರೆದ. ವೈರು ಯಾವುದು ಎಲ್ಲಿಗೆ ಎಂದು ಹೀರಾ ಸಂಕೇತನಿಂದ ಕಲಿತಿದ್ದಳು. ಹಚ್ಚಿದಳು.

ಪುಂಡಲೀಕ ಎದ್ದು ನಿಂತ. ‘ಬರ್ದ್ರಾ? ಮತ್ತೊಂದ್ಸಲ ಹೇಳ್ಲಾ?’

ಪರದೆಯ ಅಂಚಿನಲ್ಲಿ, ಮೆತ್ತನೆ ಕುರ್ಚಿಯಲ್ಲಿ, ಇದೇ ಅಧಿಕಾರಿಯ ಅರ್ಧ ಮುಖವೂ ಇತ್ತು. ಅವನು ಬಾಟಲಿಯಿಂದ ನೀರು ಕುಡಿಯುತ್ತಿದ್ದ.

"ಇವರು ಈಗ ಎಲ್ಲಿದ್ದಾರೆ?" ಅಧಿಕಾರಿ ಪರದೆಯಿಂದ ಕಣ್ಣು ತೆಗೆದು ಕೇಳಿದ.

"ಕಡಲಿಗೆ ಹೋದವ್ರು ಬರಲಿಲ್ಲ."

"ಅಂದರೆ ತೀರಿಕೊಂಡರು. ನೋಡಮ್ಮ, ಸತ್ತವರ ಆಕ್ಷೇಪಣೆ ತೆಗೆದುಕೊಳ್ಳಲು ಬರುವುದಿಲ್ಲ. ನಿಯಮ ಇಲ್ಲ."

ಆಗ ಎದ್ದಿತು ಹೀರಾಳ ಬಾಯಿ. "ಸತ್ತವ್ರು ಅಂತ ಯಾರು ಹೇಳ್ದ್ರು? ಪರಿಹಾರದ ದುಡ್ಡಿಗೆ ಮರಣದ ದಾಖಲೆ ಕೊಡಿ ಅಂತ ನಿಮ್ಮಂಥವ್ರ ಬಾಗಿಲಿಗೆ ಎಷ್ಟು ಸಲ ಬಂದೆ ನಾನು! ಹೆಣ ಸಿಗಲಿಲ್ಲ, ಏಳು ವರ್ಷ ಆಗಬೇಕು, ಅಲ್ಲೀವರೆಗೆ ಸತ್ತ ಅಂತ ಬರೂಕೆ ಬರೂದಿಲ್ಲ ಅಂದ್ರು. ನನ್ನ ಕುಂಕುಮಕ್ಕೆ ಏಳು ವರ್ಷ ಕಾಯಿ ಅಂದ್ರಿ. ಆಯ್ತು, ಕಾಯ್ತೆ. ಹಂಗಾರೆ ನಿಮ್ಮ ಪುಸ್ತಕದಲ್ಲಿ ಅಂವ ಬದುಕೇ ಇದ್ದಾನಲ್ಲ? ಬದುಕಿದ್ದವ್ನ ಮಾತು ಬರ್ಕಳ್ಳಿ. ಜೆಟ್ಟಿಗೆ ಬೇಕಾದಾಗ ಸಾಯ್ಸೂದು, ನಾ ದಾಖಲೆ ಕೇಳಿದಾಗ ಬದುಕ್ಸೂದು. ಎಲ್ಲಿಯ ನ್ಯಾಯ ಇದು?"

ಮೂಲೆಯಲ್ಲಿದ್ದ ಗುಮಾಸ್ತ ಕಡತದೊಳಗೆ ಮುಖ ತೂರಿಸಿದ. ಅಧಿಕಾರಿ ಗಡಿಯಾರ ನೋಡಿದ. ನಾಲ್ಕೂ ಇಪ್ಪತ್ತು.

"ಸರಿ. ಆದರೆ ಕಡತಕ್ಕೆ ಡಿಸ್ಕು ಬೇಕು, ನಿನ್ನ ಮಷೀನಲ್ಲ. ನಮ್ಮ ಕಂಪ್ಯೂಟರಿನಲ್ಲಿ ತೆರೆಯಬೇಕು. ಐದರೊಳಗೆ."

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಹೀರಾ ಬಟನ್ನು ಒತ್ತಿದಳು. ಪರದೆ ಕೇಳಿತು. ಕಿಟಕಿಯಾಚೆ ಗಾಳಿಮರಗಳ ಸಂದಿಯಲ್ಲಿ ಕಡಲು ಒಂದು ಗೆರೆಯಷ್ಟು ಕಾಣುತ್ತಿತ್ತು. ಅವಳು ಅತ್ತ ನೋಡಲಿಲ್ಲ. ನೀನೇ ಬರ್ಕಳ್ಳಿ ಅಂದಿದ್ದೆಯಲ್ಲ, ಬರೆಸಲಿಕ್ಕೇ ಇದು ಎಂದು ಮನಸ್ಸಿನಲ್ಲೇ ಅವನಿಗೆ ಹೇಳಿ, ಎಡಗಡೆಯದನ್ನು ಒತ್ತಿದಳು.

ಬಿಳಿ ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ಆ ಮೂರು ನಿಮಿಷ ಅವಳು ಯಂತ್ರದ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದಳು. ಅದು ಬೆಚ್ಚಗಿತ್ತು. ಪಟ್ಟಿ ತುಂಬಿ ಡಿಸ್ಕು ಹೊರಗೆ ಬಂದಾಗ ಅವಳ ಕೈಗೆ ಮಾಡಲು ಏನೂ ಉಳಿಯಲಿಲ್ಲ.

ಕಂಪ್ಯೂಟರಿನಲ್ಲಿ ಪುಂಡಲೀಕ ಮಾತಾಡಿದ. ಗುಮಾಸ್ತ ಸ್ವೀಕೃತಿ ಬರೆಯುತ್ತ ಹೆಸರಿಗೆ ಮೊದಲು ‘ದಿ.’ ಎಂದು ಗೀಚಿದ. ಹೀರಾ ಮೇಜಿನ ಮೇಲೆ ಬೆರಳೂರಿದಳು. "ಅದು ಹೊಡ್ದು ಹಾಕಿ." ಹೊಡೆದು ಹಾಕಿದ. ಮೊಹರು ಬಿತ್ತು. ಕಾಪಿ ತೆಗೆದುಕೊಂಡೇ ಹೋಗಬೇಕೆಂದಿದ್ದಳು, ಆದರೆ ಡಿಸ್ಕನ್ನು ಕಡತದಿಂದ ಅವತ್ತು ಬಿಚ್ಚಲಿಲ್ಲ. ಅರ್ಜಿ ಕೊಟ್ಟು ಹತ್ತು ದಿನ ಬಿಟ್ಟು ಬರಲು ಹೇಳಿದರು.

ಬೇಲೆಕೇರಿ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಯಂತ್ರವನ್ನು ಅದರ ಜಾಗದಲ್ಲಿಟ್ಟು ಪ್ಲಗ್ಗು ಹಾಕಿದಳು. ಸೊನ್ನೆ ಸೊನ್ನೆ ಎಂದು ಮಿಟುಕಿತು. ಪಾಪ, ಅರ್ಧ ತಾಸಿನ ನೆನಪು ಅದರದು. ಅದು ಬಸ್ಸಿನಲ್ಲಿ, ಬಾಗಿಲಲ್ಲಿ, ತಾಸುಗಟ್ಟಲೆ ಕರೆಂಟಿಲ್ಲದೆ ಕೂತಿತ್ತು. ತೆರೆದು ನೋಡಿದರೆ ಒಳಗೆ ಡಿಸ್ಕಿಲ್ಲದ ತಟ್ಟೆ.

ಹೀರಾ ಅನ್ನ ಬಸಿದಳು. ಕಡಲ ಕಡೆಯ ಬಾಗಿಲ ಹತ್ತಿರ ಹೋಗಿ ಅಲ್ಲಿ ಕೂತ ಮರಳನ್ನು ಗುಡಿಸಿದಳು. ಅಗಳಿ ಗೋಡೆಗೆ ಒರಗಿಕೊಂಡು ನಿಂತಿತ್ತು, ಎರಡು ವರ್ಷದ ಜೇಡನ ಬಲೆ ಹೊದ್ದು. ಅದನ್ನು ಕೈಗೆತ್ತಿಕೊಂಡು ಬಲೆ ಒರೆಸಿ, ಮತ್ತೆ ಅಲ್ಲೇ ಒರಗಿಸಿದಳು. ಸರಕಾರದ ಲೆಕ್ಕದಲ್ಲೇ ಇನ್ನೂ ಐದು ವರ್ಷ ಇತ್ತು.

ಚರಿಗೆಯ ಬಾಯಿ ತೆರೆದೇ ಇಟ್ಟು, ಅವಳು ಒಬ್ಬಳೇ ಉಣ್ಣಲು ಕೂತಳು.